ಇನ್‌ವರ್ಡ್, ಔಟ್‌ವರ್ಡ್ ಅಂದರೆ ಬರೀ ಒಳಗೆ, ಹೊರಗೆ ಅಲ್ಲ ಅಲ್ವಾ?

ಅರಸೀಕೆರೆ ಅಭ್ಯರ್ಥಿ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ರೂಮ್ ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಇನ್‌ವರ್ಡ್, ಔಟ್‌ವರ್ಡ್ ಅನ್ನೋ ಎರಡು ಪದಗಳ ಬಗ್ಗೆ ಕೇಳಬೇಕಿತ್ತು. ಡಿಕ್ಷನರಿಯಲ್ಲಿ ಒಳಮುಖ, ಹೊರಮುಖ ಅಂತ ಇದೆ. ಅಷ್ಟು ಗೊತ್ತು. ಆದರೆ ಒಂದೊಂದು ಕಡೆ ಒಂದೊಂದು ಥರ ಸಿಗುತ್ತೆ.

ಕಚೇರಿಯಲ್ಲಿ ಅರ್ಜಿ ಕೊಟ್ಟರೆ 'ಇನ್‌ವರ್ಡ್ ನಂಬರ್ ತಗೊಳ್ಳಿ' ಅಂತಾರೆ. ಬ್ಯಾಂಕಿಂಗ್ ಪಾಠದಲ್ಲಿ ಔಟ್‌ವರ್ಡ್ ಕ್ಲಿಯರಿಂಗ್ ಅಂತ ಬರುತ್ತೆ (ಕ್ಲಿಯರಿಂಗ್ ಅಂದರೆ ಬೇರೆ ಬ್ಯಾಂಕಿನ ಚೆಕ್ಕಿನ ದುಡ್ಡು ತರಿಸಿಕೊಳ್ಳೋ ಕೆಲಸ), ಅದರಲ್ಲಿ ನೋಡಿದರೆ ನಮ್ಮ ಖಾತೆಗೆ ದುಡ್ಡು ಒಳಗೆ ಬರುತ್ತೆ. ಇಂಗ್ಲಿಷ್ ಪ್ಯಾಸೇಜ್ ಒಂದರಲ್ಲಿ 'ಹರ್ ಔಟ್‌ವರ್ಡ್ ಕಾಮ್' ಅಂತ ಇತ್ತು, ಕಾಮ್ ಅಂದರೆ ಶಾಂತಿ. ಇಲ್ಲಿ ಯಾವುದೂ ಹೊರಗೆ ಹೋಗುತ್ತಿಲ್ಲ. ಈ ಎಲ್ಲಕ್ಕೂ ಒಂದೇ ಅರ್ಥವಾ? ಬಾಯಿಪಾಠ ಮಾಡೋ ಬದಲು ಅರ್ಥ ಮಾಡಿಕೊಳ್ಳಬೇಕು ಅಂತ ಆಸೆ.

ಮೇಷ್ಟ್ರು, ಹಾಸನ

ಒಳ್ಳೆ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಒಳಗೆ, ಹೊರಗೆ ಅನ್ನೋದು ಜಾಗ. ಅದಕ್ಕೆ ಇಂಗ್ಲಿಷಿನಲ್ಲಿ ಇನ್‌ಸೈಡ್, ಔಟ್‌ಸೈಡ್ ಇವೆ. ಇನ್‌ವರ್ಡ್, ಔಟ್‌ವರ್ಡ್ ಅನ್ನೋದು ದಿಕ್ಕು. ಕೊನೆಯಲ್ಲಿರುವ 'ವರ್ಡ್' ಅಂದರೆ 'ಆ ಕಡೆಗೆ ತಿರುಗಿದ' ಅಂತ. ಟುವರ್ಡ್, ಬ್ಯಾಕ್‌ವರ್ಡ್, ಫಾರ್ವರ್ಡ್, ಎಲ್ಲದರಲ್ಲೂ ಇರೋದು ಅದೇ ತುಂಡು. ಹಳೇ ಇಂಗ್ಲಿಷಿನಿಂದ ಬಂದದ್ದು.

ಜಾಗ ಬೇರೆ, ದಿಕ್ಕು ಬೇರೆ ಅಂತ ಮನಸ್ಸಿಗೆ ಹತ್ತಬೇಕಾದರೆ ಒಮ್ಮೆ ಬೇಲೂರಿಗೆ ಹೋಗಿ. ಚೆನ್ನಕೇಶವ ದೇವಸ್ಥಾನದ ಅಂಗಳದಲ್ಲಿ ಗರುಡ ನಿಂತಿದ್ದಾನೆ. ಎಲ್ಲಿ? ಗುಡಿಯ ಹೊರಗೆ, ಔಟ್‌ಸೈಡ್. ಯಾವ ಕಡೆ ಮುಖ ಮಾಡಿದ್ದಾನೆ? ಗರ್ಭಗುಡಿಯ ಕಡೆ, ಇನ್‌ವರ್ಡ್. ಈಗ ಒಳಗೆ ಹೋಗಿ ದ್ವಾರಪಾಲಕರನ್ನು ನೋಡಿ. ಅವರು ನಿಂತಿರೋದು ಇನ್‌ಸೈಡ್, ಮುಖ ಮಾತ್ರ ಬರುವವರ ಕಡೆ, ಅಂದರೆ ಔಟ್‌ವರ್ಡ್. ಹಳೇಬೀಡಿನ ನಂದಿಯೂ ಹಾಗೇ. ಮಂಟಪ ಗುಡಿಯ ಹೊರಗಿದೆ, ನೋಟ ಲಿಂಗದ ಕಡೆಗಿದೆ. ಹೊರಗಿದ್ದವನು ಇನ್‌ವರ್ಡ್ ನೋಡಬಹುದು, ಒಳಗಿದ್ದವನು ಔಟ್‌ವರ್ಡ್ ನೋಡಬಹುದು.

ಆದ್ದರಿಂದ ಈ ಪದ ಕಂಡ ಕೂಡಲೇ ಎರಡು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ 'ಒಳಗೆ' ಅಂತ ಯಾವುದನ್ನು ಇಟ್ಟುಕೊಂಡಿದ್ದಾರೆ? ಯಾವ ವಸ್ತು ಆ ಕಡೆಗೆ ಹೋಗುತ್ತಿದೆ ಅಥವಾ ತಿರುಗಿದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಕಚೇರಿ, ಬ್ಯಾಂಕು ಎಲ್ಲವೂ ತಾನಾಗೇ ಬಿಡಿಸಿಕೊಳ್ಳುತ್ತೆ. ಪ್ಯಾಸೇಜಿನ 'ಔಟ್‌ವರ್ಡ್ ಕಾಮ್' ಮಾತ್ರ ಬೇರೆ ವಿಷಯ. ಅದನ್ನು ಆಮೇಲೆ ಬರೆಯುತ್ತೇನೆ. ಬ್ಯಾಂಕಿನವರು ಯಾರಾದರೂ ಕ್ಲಿಯರಿಂಗ್ ಬಗ್ಗೆ ಹೇಳಿದರೆ ಚೆನ್ನ.

ಟಪಾಲು ವಿಭಾಗ, ಚಿಕ್ಕಮಗಳೂರು

ಕಚೇರಿ ವಿಷಯ ನಾನು ಹೇಳ್ತೀನಿ, ದಿನಾ ಮಾಡೋ ಕೆಲಸ.

ನಮ್ಮ ಕಚೇರಿಗೆ ಬಂದ ಪ್ರತಿ ಕಾಗದ ಇನ್‌ವರ್ಡ್ ರಿಜಿಸ್ಟರಿಗೆ ಹೋಗುತ್ತೆ. ಹೊರಡುವ ಪ್ರತಿ ಕಾಗದ ಔಟ್‌ವರ್ಡ್ ರಿಜಿಸ್ಟರಿಗೆ. ಮೇಷ್ಟ್ರು ಹೇಳಿದ 'ಒಳಗೆ' ಅಂದರೆ ಇಲ್ಲಿ ನಮ್ಮ ಕಚೇರಿ. ಮೂಡಿಗೆರೆಯ ಒಂದು ಕಚೇರಿಯಿಂದ ನಮಗೆ ಪತ್ರ ಬಂತು ಅನ್ನಿ. ಅಲ್ಲಿ ಅದಕ್ಕೆ ಔಟ್‌ವರ್ಡ್ ನಂಬರ್ ಬಿದ್ದಿರುತ್ತೆ, ನಮ್ಮಲ್ಲಿ ಇನ್‌ವರ್ಡ್ ನಂಬರ್ ಬೀಳುತ್ತೆ. ಕಾಗದ ಒಂದೇ, ನಂಬರ್ ಎರಡು, ತಾರೀಖೂ ಎರಡು.

ಇದು ಬರೀ ಭಾಷೆಯ ಮಾತಲ್ಲ. ಎಷ್ಟೋ ಜನ ತಮ್ಮ ಕಾಗದ ಎಲ್ಲಿಗೆ ಬಂತು ಅಂತ ವಿಚಾರಿಸಲು ಬರುವಾಗ ಕಳಿಸಿದ ಕಚೇರಿಯ ಔಟ್‌ವರ್ಡ್ ನಂಬರ್ ಹಿಡಿದುಕೊಂಡು ಬರುತ್ತಾರೆ. ಅದು ನಮ್ಮ ಪುಸ್ತಕದಲ್ಲಿ ಹಾಗೇ ಸಿಗೋದಿಲ್ಲ. ವಯಸ್ಸಾದವರು ಬಸ್ಸು ಹಿಡಿದು ಬಂದು ಅಷ್ಟಕ್ಕೇ ವಾಪಸ್ ಹೋಗಬಾರದು ಅಂತ ನನಗೆ ಅನ್ನಿಸುತ್ತೆ. ಅರ್ಜಿ ಎಲ್ಲಿ ಇದೆಯೋ ಆ ಕಚೇರಿಯ ಇನ್‌ವರ್ಡ್ ನಂಬರ್ ಮತ್ತು ತಾರೀಖು ಕೇಳಿ ಬರೆದುಕೊಳ್ಳಿ. ನಿಮ್ಮ ಕೈಲಿರುವ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಹುಡುಕೋಕೆ ಅದೇ ದಾರಿ.

ಧಾರವಾಡದಿಂದ ಬಂದವಳು, ಈಗ ಹಾಸನ

ನಮ್ಮ ಕಡೆ ಇದಕ್ಕೆ ಆವಕ, ಜಾವಕ ಅಂತಾರೆ. ಮರಾಠಿಯಿಂದ ಬಂದ ಪದಗಳು. ಹಾಸನಕ್ಕೆ ಬಂದ ಮೇಲೆ ಕಚೇರಿಯಲ್ಲಿ ಜಾವಕ ಅಂದರೆ ಯಾರಿಗೂ ಗೊತ್ತಾಗಲಿಲ್ಲ. ಆವಕ ಮಾತ್ರ ಇಲ್ಲೂ ಪೇಪರಿನಲ್ಲಿ ಬರುತ್ತೆ, ಎಪಿಎಂಸಿ ಸುದ್ದಿಯಲ್ಲಿ.

ನಿವೃತ್ತ ಬ್ಯಾಂಕ್ ನೌಕರ, ಸಕಲೇಶಪುರ

ಅಭ್ಯರ್ಥಿ ಕೇಳಿದ ಕ್ಲಿಯರಿಂಗ್ ಪ್ರಶ್ನೆಗೆ ಬರ್ತೀನಿ. ಹೊಸದಾಗಿ ಸೇರಿದವರಿಗೂ ಇಲ್ಲಿ ತಲೆ ತಿರುಗುತ್ತೆ. ಕಾರಣ ಏನು ಅಂದರೆ ಇಲ್ಲಿ ಎರಡು ವಸ್ತು ಓಡಾಡುತ್ತವೆ, ಚೆಕ್ಕು ಮತ್ತು ದುಡ್ಡು. ಅವು ಎದುರು ಬದುರು ದಿಕ್ಕಿನಲ್ಲಿ ಹೋಗುತ್ತವೆ. ಹೆಸರು ಇಟ್ಟಿರೋದು ಚೆಕ್ಕಿನ ದಿಕ್ಕು ನೋಡಿ, ದುಡ್ಡಿನದಲ್ಲ.

ಒಬ್ಬರು ಕಾಫಿ ಮಾರಿ ಬೇರೆ ಬ್ಯಾಂಕಿನ ಚೆಕ್ಕು ಪಡೆದು ನಮ್ಮ ಶಾಖೆಗೆ ಹಾಕಿದರು ಅನ್ನಿ. ನಾವು ಆ ಚೆಕ್ಕನ್ನು ದುಡ್ಡು ಕೊಡಬೇಕಾದ ಬ್ಯಾಂಕಿಗೆ ಕಳಿಸುತ್ತೇವೆ. ಚೆಕ್ಕು ಹೊರಗೆ ಹೋಯಿತು, ಅದು ಔಟ್‌ವರ್ಡ್ ಕ್ಲಿಯರಿಂಗ್. ಪಾಸಾದರೆ ದುಡ್ಡು ನಮ್ಮ ಕಡೆ ಬರುತ್ತೆ. ಅದೇ ಚೆಕ್ಕು ಆ ಕಡೆಯ ಬ್ಯಾಂಕಿಗೆ ಇನ್‌ವರ್ಡ್ ಕ್ಲಿಯರಿಂಗ್. ಅವರಿಗೆ ಚೆಕ್ಕು ಒಳಗೆ ಬಂತು, ದುಡ್ಡು ಹೊರಗೆ ಹೋಯಿತು.

ಈಗ ಚೆಕ್ಕಿನ ಕಾಗದವೇ ಹೋಗೋದಿಲ್ಲ. ಸಿಟಿಎಸ್ (ಚೆಕ್ ಟ್ರಂಕೇಶನ್ ಸಿಸ್ಟಮ್) ಬಂದ ಮೇಲೆ ಕಾಗದ ಹಾಕಿದ ಬ್ಯಾಂಕಿನಲ್ಲೇ ಉಳಿಯುತ್ತೆ, ಅದರ ಚಿತ್ರ ಮತ್ತು ವಿವರ ಮಾತ್ರ ಹೋಗುತ್ತೆ. ಆದರೂ ಹೆಸರು ಔಟ್‌ವರ್ಡ್ ಅಂತಲೇ ಉಳಿದಿದೆ. ದುಡ್ಡು ಕೇಳುವ ಬೇಡಿಕೆ ಹೊರಗೆ ಹೋಗುತ್ತಿದೆಯಲ್ಲ, ಅದಕ್ಕೆ.

ರೆಮಿಟೆನ್ಸ್, ಅಂದರೆ ದುಡ್ಡು ಕಳಿಸೋದು, ಅದರ ವಿಷಯ ಬೇರೆ. ಅಲ್ಲಿ ಹೆಸರು ದುಡ್ಡಿನ ದಿಕ್ಕನ್ನೇ ಹೇಳುತ್ತೆ. ದುಬೈಯಲ್ಲಿರುವ ಮಗ ಮನೆಗೆ ಕಳಿಸಿದರೆ ಇನ್‌ವರ್ಡ್ ರೆಮಿಟೆನ್ಸ್. ಜರ್ಮನಿಯಲ್ಲಿ ಓದುವ ಮಗಳ ಫೀಸು ಇಲ್ಲಿಂದ ಕಟ್ಟಿದರೆ ಔಟ್‌ವರ್ಡ್ ರೆಮಿಟೆನ್ಸ್. ಇಲ್ಲಿ 'ಒಳಗೆ' ಅಂದರೆ ಭಾರತ ದೇಶ. ಹೊರಗೆ ಕಳಿಸೋಕೆ ರಿಸರ್ವ್ ಬ್ಯಾಂಕ್ 2004ರಲ್ಲಿ ತಂದ ಒಂದು ಯೋಜನೆ ಇದೆ, ಲಿಬರಲೈಸ್ಡ್ ರೆಮಿಟೆನ್ಸ್ ಸ್ಕೀಮ್. ಅದರಲ್ಲಿ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ. ಪರೀಕ್ಷೆಗೆ ಇದನ್ನು ಓದಿಕೊಂಡಿರಿ.

ಅರಸೀಕೆರೆ ಅಭ್ಯರ್ಥಿ

ಸರ್, ಚೆಕ್ಕಿನ ದಿಕ್ಕು ನೋಡಿ ಹೆಸರು ಅಂತ ನಮ್ಮ ನೋಟ್ಸಿನಲ್ಲಿ ಎಲ್ಲೂ ಇಲ್ಲ. ಈಗ ಪೂರ್ತಿ ಬಿಡಿಸಿಕೊಂಡಿತು. ತುಂಬಾ ಥ್ಯಾಂಕ್ಸ್.

ಲೆಕ್ಕ ಬರೆಯುವವರು, ಚಿಕ್ಕಮಗಳೂರು

ಜಿಎಸ್‌ಟಿಯಲ್ಲೂ ಇವೇ ಪದಗಳು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲೆ ಸಣ್ಣ ಅಂಗಡಿಯವರ ಬಾಯಲ್ಲೂ ಔಟ್‌ವರ್ಡ್ ಸಪ್ಲೈ ಬಂತು. ನಾವು ಮಾರಿದ್ದು, ಕೊಟ್ಟ ಸೇವೆ, ಎಲ್ಲ ಔಟ್‌ವರ್ಡ್ ಸಪ್ಲೈ. ಅದು ಜಿಎಸ್‌ಟಿಆರ್-1 ಅನ್ನೋ ರಿಟರ್ನ್‌ನಲ್ಲಿ ಹೋಗುತ್ತೆ. ನಾವು ಕೊಂಡದ್ದು, ಪಡೆದ ಸೇವೆ, ಇನ್‌ವರ್ಡ್ ಸಪ್ಲೈ. ಮಾರಿದವರು ಹಾಕಿದ ಬಿಲ್ಲು ನಮ್ಮ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣುತ್ತೆ. ಅವರ ಔಟ್‌ವರ್ಡ್ ನಮ್ಮ ಇನ್‌ವರ್ಡ್ ಆಗಿ ಬರುತ್ತೆ. ಅವರು ಹಾಕದಿದ್ದರೆ ನಮಗೆ ಕಾಣೋದೇ ಇಲ್ಲ. ಟಪಾಲಿನವರು ಹೇಳಿದ್ದೂ ಹೆಚ್ಚು ಕಡಿಮೆ ಇದೇ.

ಆದರೆ ಒಂದು ಕಡೆ ಎಚ್ಚರ ಬೇಕು. ಗೇಟಿನ ಔಟ್‌ವರ್ಡ್ ಬೇರೆ, ಜಿಎಸ್‌ಟಿ ಔಟ್‌ವರ್ಡ್ ಬೇರೆ. ನಮ್ಮ ಊರಿನ ಉದಾಹರಣೆಯೇ ಸಾಕು. ಒಬ್ಬ ಕಾಫಿ ವ್ಯಾಪಾರಿ ಪಾರ್ಚ್‌ಮೆಂಟ್ (ಒಳಸಿಪ್ಪೆ ಇರೋ ಕಾಫಿ ಬೀಜ) ಮೂಟೆಗಳನ್ನು ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸುತ್ತಾನೆ. ಗೋಡೌನ್ ಗೇಟಿನ ಪುಸ್ತಕದಲ್ಲಿ ಔಟ್‌ವರ್ಡ್ ಅಂತ ಬರೆಯುತ್ತಾರೆ, ಮೂಟೆ ಹೊರಗೆ ಹೋಗಿದೆಯಲ್ಲ. ಕ್ಯೂರಿಂಗಿನ ಗೇಟಿನಲ್ಲಿ ಇನ್‌ವರ್ಡ್. ಆದರೆ ಕಾಫಿ ಇನ್ನೂ ವ್ಯಾಪಾರಿಯದೇ. ಸಿಪ್ಪೆ ಬಿಡಿಸಿ, ಗ್ರೇಡ್ ಮಾಡಿ ವಾಪಸ್ ಕೊಡಬೇಕು. ಇದು ಜಾಬ್ ವರ್ಕ್, ಅಂದರೆ ಇನ್ನೊಬ್ಬರ ಮಾಲಿನ ಮೇಲೆ ಮಾಡಿಕೊಡೋ ಕೆಲಸ, ಡೆಲಿವರಿ ಚಲನ್ ಮೇಲೆ ಹೋಗುತ್ತೆ. ಮಾರಾಟ ಆಗಿಲ್ಲ, ಆದ್ದರಿಂದ ಅದನ್ನು ಔಟ್‌ವರ್ಡ್ ಸಪ್ಲೈ ಅಂತ ತೋರಿಸೋ ಹಾಗಿಲ್ಲ. ಗೇಟಿನವನು ಮೂಟೆ ನೋಡುತ್ತಾನೆ, ತೆರಿಗೆಯವರು ಸಪ್ಲೈ ನೋಡುತ್ತಾರೆ. ಮೇಷ್ಟ್ರ ಎರಡನೇ ಪ್ರಶ್ನೆ, 'ಯಾವ ವಸ್ತು' ಅನ್ನೋದು, ಇಲ್ಲಿ ತುಂಬಾ ಮುಖ್ಯ.

ಮರಗೆಲಸ, ಬೇಲೂರು

ಬಾಗಿಲು ಕಿಟಕಿಗೂ ಇದೇ ಮಾತು ಬಳಸ್ತೀವಿ. ಡ್ರಾಯಿಂಗಿನಲ್ಲಿ 'ಓಪನ್ಸ್ ಇನ್‌ವರ್ಡ್ಸ್' ಅಂತ ಇದ್ದರೆ ಬಾಗಿಲು ಕೋಣೆಯ ಒಳಕ್ಕೆ ತೆರೀಬೇಕು. ಯಾವ ಕೋಣೆ ಅಂತ ಕೇಳಿಕೊಳ್ಳದೆ ಹಿಂಜ್ ಹಾಕಬಾರದು. ಬೆಡ್‌ರೂಮಿಗೂ ಬಾತ್‌ರೂಮಿಗೂ ಮಧ್ಯೆ ಇರೋ ಬಾಗಿಲಿಗೆ ಇನ್‌ವರ್ಡ್ ಅಂದರೆ ಬಾತ್‌ರೂಮಿನ ಒಳಕ್ಕೆ.

ನಮ್ಮ ಕಡೆ ಕಿಟಕಿಗೆ ಎರಡು ರೆಕ್ಕೆ ಇಡ್ತೀವಿ. ಗಾಜಿನದ್ದು ಔಟ್‌ವರ್ಡ್, ಸೊಳ್ಳೆ ಪರದೆಯದ್ದು ಇನ್‌ವರ್ಡ್. ಎರಡೂ ಒಂದೇ ಕಡೆ ತೆರೆದರೆ ಒಂದಕ್ಕೊಂದು ಬಡಿಯುತ್ತೆ. ಕಲ್ಯಾಣ ಮಂಟಪ, ಸಿನಿಮಾ ಹಾಲು ಇಂಥ ಕಡೆ ಹೊರಹೋಗುವ ಬಾಗಿಲು ಔಟ್‌ವರ್ಡ್ ಇರಲೇಬೇಕು. ಬೆಂಕಿ ಬಿದ್ದರೆ ಜನ ನುಗ್ಗುತ್ತಾರೆ. ಹಿಂದಿನವರು ತಳ್ಳುತ್ತಿದ್ದರೆ ಮುಂದಿನವನಿಗೆ ಬಾಗಿಲನ್ನು ತನ್ನ ಕಡೆ ಎಳೆಯೋಕೆ ಜಾಗವೇ ಸಿಗೋದಿಲ್ಲ. ಈ ವಿಷಯದಲ್ಲಿ ಮಾಲೀಕರು ಎಷ್ಟು ಹೇಳಿದರೂ ನಾನು ಒಪ್ಪೋದಿಲ್ಲ.

ಕೊಟ್ಟಿಗೆಹಾರ

ಚಾರ್ಮಾಡಿ ಘಾಟಿಯಂಥ ರಸ್ತೆಯ ತಿರುವುಗಳಲ್ಲಿ ಇಡುವ ಉಬ್ಬು ಕನ್ನಡಿಯನ್ನೂ ಸೇರಿಸಿಕೊಳ್ಳಬಹುದು. ಮಕ್ಕಳ ವಿಜ್ಞಾನದ ಪುಸ್ತಕದಲ್ಲಿ 'ಕರ್ವ್ಸ್ ಔಟ್‌ವರ್ಡ್' ಅಂತಾರೆ, ನೋಡುವವರ ಕಡೆ ಉಬ್ಬಿರೋದು. ಅದರಲ್ಲಿ ಹೆಚ್ಚು ಅಗಲದ ನೋಟ ಸಿಗುತ್ತೆ, ಎದುರು ಬರುವ ಗಾಡಿ ಮೊದಲೇ ಕಾಣುತ್ತೆ. ಟಾರ್ಚಿನ ಒಳಗಿನ ಕನ್ನಡಿ 'ಕರ್ವ್ಸ್ ಇನ್‌ವರ್ಡ್'.

ಮೇಷ್ಟ್ರು, ಹಾಸನ

ಬಾಗಿಲಿನವರು 'ಇನ್‌ವರ್ಡ್ಸ್' ಅಂತ ಎಸ್ ಸೇರಿಸಿ ಬರೆದಿದ್ದಾರೆ, ಅದು ಸರಿ. ಪರೀಕ್ಷೆಗೆ ಓದುವವರು ಗಮನಿಸಿ. ಹೆಸರಿನ ಮುಂದೆ ವಿಶೇಷಣವಾಗಿ ಬಂದಾಗ ಎಸ್ ಬೇಡ: 'ಆ್ಯನ್ ಇನ್‌ವರ್ಡ್ ಕರ್ವ್'. ಕ್ರಿಯೆ ಹೇಗೆ, ಯಾವ ಕಡೆ ನಡೆಯಿತು ಅಂತ ಹೇಳುವಾಗ ಬ್ರಿಟಿಷ್ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಎಸ್ ಇರುತ್ತೆ: 'ಇಟ್ ಕರ್ವ್ಸ್ ಇನ್‌ವರ್ಡ್ಸ್'. ಅಮೆರಿಕದವರು ಅಲ್ಲೂ ಎಸ್ ಬಿಡುತ್ತಾರೆ. ಎರಡೂ ತಪ್ಪಲ್ಲ.

ಈಗ 'ಔಟ್‌ವರ್ಡ್ ಕಾಮ್'ಗೆ ಬರೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು. ಮನುಷ್ಯನ ವಿಷಯಕ್ಕೆ ಬಂದಾಗ ಔಟ್‌ವರ್ಡ್ ಅಂದರೆ ಬೇರೆಯವರ ಕಣ್ಣಿಗೆ ಕಾಣೋದು. ಇನ್‌ವರ್ಡ್ ಅಂದರೆ ಅವರಿಗೆ ಮಾತ್ರ ಗೊತ್ತಿರೋದು. ಮಗಳನ್ನು ಮೊದಲ ಸಲ ಹಾಸ್ಟೆಲ್ಲಿಗೆ ಬಿಟ್ಟು ಬರುವ ತಾಯಿಯನ್ನು ನೆನೆಯಿರಿ. ಮುಖದಲ್ಲಿ ನಗು, ಮಾತಿನಲ್ಲಿ ಧೈರ್ಯ. 'ಔಟ್‌ವರ್ಡ್ಲಿ ಕಾಮ್'. ಹೊಟ್ಟೆಯಲ್ಲಿ ಸಂಕಟ. 'ಇನ್‌ವರ್ಡ್ಲಿ ಆ್ಯಂಕ್ಷಸ್'. ಔಟ್‌ವರ್ಡ್ ಅಂದ ಕೂಡಲೇ ನಾಟಕ ಅಂತ ತಿಳೀಬಾರದು. ಕಾಣುವ ಭಾಗ ಅಂತ ಅಷ್ಟೇ. ಆ ತಾಯಿಯ ಧೈರ್ಯವೂ ನಿಜ. ವೈದ್ಯರು 'ನೋ ಔಟ್‌ವರ್ಡ್ ಸೈನ್ಸ್ ಆಫ್ ಇಂಜುರಿ' ಅಂತ ಬರೆದರೆ ಮೇಲೆ ನೋಡಿದರೆ ಗಾಯ ಕಾಣುತ್ತಿಲ್ಲ ಅಂತ ಅರ್ಥ. ಒಳಗೆ ಪೆಟ್ಟು ಇಲ್ಲ ಅಂತ ಅದು ಹೇಳೋದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಪ್ಯಾಸೇಜ್ ಓದಿದರೆ ಬರೆದವರ ಮನಸ್ಸೇ ಕೈ ತಪ್ಪುತ್ತೆ.

ಇನ್ನೊಂದು ಗುಂಪು ಇದರ ಪಕ್ಕದಲ್ಲೇ ಇದೆ: ಇನ್ನರ್, ಔಟರ್. ಅವು ಮತ್ತೆ ಜಾಗ ಅಥವಾ ಪದರ ಹೇಳುತ್ತವೆ. ಬೇಲೂರಿನ ಹೊರಗೋಡೆ 'ಔಟರ್ ವಾಲ್', ಔಟ್‌ವರ್ಡ್ ವಾಲ್ ಅಲ್ಲ. ಆದರೆ ಅಲ್ಲಿನ ಜಗತಿಯ (ಗುಡಿ ನಿಂತಿರೋ ಕಟ್ಟೆಯ) ನಕ್ಷತ್ರದ ಮೂಲೆಗಳು 'ಪ್ರೊಜೆಕ್ಟ್ ಔಟ್‌ವರ್ಡ್ಸ್', ಹೊರಕ್ಕೆ ಚಾಚಿಕೊಂಡಿವೆ. ಮನಸ್ಸಿನ ಶಾಂತಿ 'ಇನ್ನರ್ ಪೀಸ್', ಒಳದನಿ 'ಇನ್ನರ್ ವಾಯ್ಸ್'. ಇವಕ್ಕೆ ಇನ್‌ವರ್ಡ್ ಹಾಕಿದರೆ ಈಗಿನ ಇಂಗ್ಲಿಷಿನಲ್ಲಿ ಹಳೇ ಕಾಲದ್ದು ಅನ್ನಿಸುತ್ತೆ.

ಎಲ್ಲರ ಜೊತೆ ಬೆರೆಯುವವನಿಗೆ 'ಹೀ ಈಸ್ ಆ್ಯನ್ ಔಟ್‌ವರ್ಡ್ ಪರ್ಸನ್' ಅಂತ ಮಕ್ಕಳು ಬರೆಯುತ್ತಾರೆ. ಅಲ್ಲಿ ಬೇಕಾದ್ದು 'ಔಟ್‌ಗೋಯಿಂಗ್'. ಹಾಗೇ 'ಇನ್‌ವರ್ಡ್ ಲುಕಿಂಗ್' ಅಂದರೆ ಧ್ಯಾನ ಮಾಡುವವನು ಅಂತ ಹೊಗಳಿಕೆ ಅಲ್ಲ. ತನ್ನ ಗುಂಪು ಬಿಟ್ಟು ಹೊರಗಿನದನ್ನು ನೋಡದ ಊರು, ಸಂಸ್ಥೆ, ದೇಶಕ್ಕೆ ಅನ್ನುವ ಟೀಕೆ.

ಓದುಗಿ, ಮೂಡಿಗೆರೆ

ಮೇಷ್ಟ್ರೇ, ಆಸ್ಪತ್ರೆ ವಾರ್ಡಿಗೂ ಈ ವರ್ಡ್‌ಗೂ ಸಂಬಂಧ ಇದೆಯಾ? ಸ್ಪೆಲಿಂಗ್ ಒಂದೇ ಅಲ್ವಾ?

ಮೇಷ್ಟ್ರು, ಹಾಸನ

ಇಲ್ಲ. ಆ ವಾರ್ಡ್ 'ಕಾವಲು' ಅನ್ನೋ ಅರ್ಥದಿಂದ ಬಂದದ್ದು. ಬೇರೆಯೇ ಬೇರು. ಆದರೆ 'ಆಕ್‌ವರ್ಡ್' ನಮ್ಮ ಗುಂಪಿನದ್ದೇ. 'ಆಕ್' ಅಂದರೆ ತಪ್ಪು ಕಡೆಗೆ. ತಪ್ಪು ಕಡೆ ತಿರುಗಿದ್ದು ಅಂತ ಮೂಲ.

ಟ್ರಾವೆಲ್ಸ್, ಹಾಸನ

ಟಿಕೆಟ್ ವಿಷಯ ಯಾರೂ ಎತ್ತಲಿಲ್ಲ. ನಮ್ಮಲ್ಲಿ ಹೋಗುವ ಪ್ರಯಾಣಕ್ಕೆ 'ಆನ್‌ವರ್ಡ್ ಜರ್ನಿ' ಅಂತಾರೆ, ಬರುವುದಕ್ಕೆ 'ರಿಟರ್ನ್'. ಇಂಗ್ಲೆಂಡಿನ ರೈಲು ಟಿಕೆಟ್ ತಾಣ ನೋಡಿ, ಅಲ್ಲಿ 'ಔಟ್‌ವರ್ಡ್' ಮತ್ತು 'ರಿಟರ್ನ್'. ಅಲ್ಲಿಗೆ ಹೋದವರು ಗಲಿಬಿಲಿ ಆಗ್ತಾರೆ. ಅಲ್ಲಿ ಆನ್‌ವರ್ಡ್ ಅಂದರೆ ಮಧ್ಯೆ ಒಂದು ಕಡೆ ಇಳಿದು ಅಲ್ಲಿಂದ ಮುಂದಕ್ಕೆ ಹೋಗುವ ಪ್ರಯಾಣ. ಹಾಸನದಿಂದ ಮಂಗಳೂರಿಗೆ ಹೋಗಿ ಬರುವವರ ಲೆಕ್ಕದಲ್ಲಿ ಹೇಳೋದಾದರೆ, ಸಕಲೇಶಪುರ ದಾಟಿ ಘಾಟಿ ಇಳಿಯೋದು ಔಟ್‌ವರ್ಡ್, ವಾಪಸ್ ಘಾಟಿ ಹತ್ತೋದು ರಿಟರ್ನ್. ಮಂಗಳೂರಿನಿಂದ ಕಾಸರಗೋಡಿಗೆ ಹೋದರೆ ಅದು ಆನ್‌ವರ್ಡ್.

ನಿವೃತ್ತ ಬ್ಯಾಂಕ್ ನೌಕರ, ಸಕಲೇಶಪುರ

ಹಡಗಿನವರ ಮಾತೂ ಇದೆ, 'ಔಟ್‌ವರ್ಡ್ ಬೌಂಡ್'. ಬಂದರು ಬಿಟ್ಟು ಹೊರಟ ಹಡಗು. 1941ರಲ್ಲಿ ವೇಲ್ಸ್‌ನಲ್ಲಿ ಶುರುವಾದ ಸಾಹಸ ತರಬೇತಿ ಶಾಲೆಗೂ ಇದೇ ಹೆಸರು ಇಟ್ಟರು.

ಹೊಳೆನರಸೀಪುರ

ಒಂದು ಆಕ್ಷೇಪ. ನಾವು 'ಅರ್ಜಿ ಇನ್‌ವರ್ಡ್ ಮಾಡಿಸಿ' ಅಂತೀವಿ. ಇಂಗ್ಲಿಷಿನಲ್ಲೂ 'ಪ್ಲೀಸ್ ಇನ್‌ವರ್ಡ್ ದಿಸ್ ಲೆಟರ್' ಅಂತ ಬರೆಯೋರಿದ್ದಾರೆ. ಇನ್‌ವರ್ಡ್ ಕ್ರಿಯಾಪದವೇ ಅಲ್ಲ. ಇದನ್ನೆಲ್ಲ ಬಿಡಬೇಕು. ಹೊರದೇಶದವರು ಓದಿದರೆ ಏನೂ ಅರ್ಥ ಆಗೋದಿಲ್ಲ.

ಟಪಾಲು ವಿಭಾಗ, ಚಿಕ್ಕಮಗಳೂರು

ಹೊರದೇಶದವರಿಗೆ ಬರೆಯುವಾಗ ಬಿಡೋಣ, ಒಪ್ಪಿದೆ. ಆದರೆ ಕನ್ನಡ ಮಾತಿನಲ್ಲಿ 'ಇನ್‌ವರ್ಡ್ ಮಾಡಿಸಿ' ಅಂದರೆ ಹಳ್ಳಿಯಿಂದ ಬಂದವರಿಗೂ ಥಟ್ಟನೆ ತಿಳಿಯುತ್ತೆ. ಪುಸ್ತಕಕ್ಕೆ ಹತ್ತಿಸಿ, ನಂಬರ್ ಹಾಕಿಸಿ, ಸೀಲು ಒತ್ತಿಸಿ, ಇಷ್ಟೂ ಕೆಲಸ ಆ ಒಂದು ಮಾತಿನಲ್ಲಿದೆ. ಅದನ್ನು ತಪ್ಪು ಅಂತ ತಿದ್ದೋಕೆ ನನಗೆ ಮನಸ್ಸಿಲ್ಲ. ಕನ್ನಡ ಅದನ್ನು ತನ್ನದು ಮಾಡಿಕೊಂಡಿದೆ.

ಮೇಷ್ಟ್ರು, ಹಾಸನ

ಇಬ್ಬರ ಮಾತಿಗೂ ಅದರದರ ಜಾಗ ಇದೆ. ಕನ್ನಡದಲ್ಲಿ ಧಾರಾಳವಾಗಿ ಬಳಸಿ. ಇಂಗ್ಲಿಷ್ ಪತ್ರದಲ್ಲಿ ಬಂದ ಟಪಾಲಿಗೆ 'ಇನ್‌ಕಮಿಂಗ್', ಹೋಗುವುದಕ್ಕೆ 'ಔಟ್‌ಗೋಯಿಂಗ್', ದಾಖಲು ಮಾಡಿ ಅನ್ನೋಕೆ 'ರಿಜಿಸ್ಟರ್' ಅಥವಾ 'ಲಾಗ್' ಅಂತ ಬರೆದರೆ ಎಲ್ಲ ದೇಶದವರಿಗೂ ತಿಳಿಯುತ್ತೆ. 'ಇನ್‌ವರ್ಡ್ ನಂಬರ್' ಮಾತ್ರ ನಮ್ಮ ಕಚೇರಿಗಳ ದಾಖಲೆಯಲ್ಲೇ ಇರೋ ಹೆಸರು. ಅದನ್ನು ಹಾಗೇ ಬರೆಯಿರಿ. ಬದಲಾಯಿಸಿದರೆ ಕಾಗದವೇ ಸಿಗದೆ ಹೋಗಬಹುದು.

ಅರಸೀಕೆರೆ ಅಭ್ಯರ್ಥಿ

ಎಲ್ಲ ಓದಿದ ಮೇಲೆ ನಾನೇ ನಾಲ್ಕು ವಾಕ್ಯ ಮಾಡಿದ್ದೇನೆ. ಸರಿ ಇದೆಯಾ ನೋಡಿ.

'ಗರುಡ ಸ್ಟ್ಯಾಂಡ್ಸ್ ಔಟ್‌ಸೈಡ್ ಬಟ್ ಫೇಸಸ್ ಇನ್‌ವರ್ಡ್ಸ್.'
'ಔಟ್‌ವರ್ಡ್ಲಿ ಶೀ ವಾಸ್ ಚಿಯರ್‌ಫುಲ್.'
'ದಿ ಇನ್‌ವರ್ಡ್ ಆಫ್ ವಾಟರ್ ಟು ಹೇಮಾವತಿ ಡ್ಯಾಮ್ ಹ್ಯಾಸ್ ಇನ್‌ಕ್ರೀಸ್ಡ್.'
'ದಿ ಇನ್‌ವರ್ಡ್ ಆಫ್ ಪೊಟೇಟೋಸ್ ಟು ಹಾಸನ್ ಮಾರ್ಕೆಟ್ ಈಸ್ ಲೋ.'

ಮೇಷ್ಟ್ರು, ಹಾಸನ

ಮೊದಲ ಎರಡು ತುಂಬಾ ಚೆನ್ನಾಗಿವೆ. ಮೂರು, ನಾಲ್ಕರಲ್ಲಿ ನಿಮಗೆ ಬೇಕಿರೋದು ಬರುವ ವಸ್ತುವಿನ ಪ್ರಮಾಣ, ಅಂದರೆ ಒಂದು ನಾಮಪದ. ಇನ್‌ವರ್ಡ್ ಆ ಕೆಲಸ ಮಾಡೋದಿಲ್ಲ. ಗೊರೂರಿನ ಹೇಮಾವತಿ ಜಲಾಶಯದ ಸುದ್ದಿಯಲ್ಲಿ ಗರಿಷ್ಠ ಮಟ್ಟ 2922 ಅಡಿ ಅಂತ ಕೊಟ್ಟು, ಕೆಳಗೆ ಒಳಹರಿವು, ಹೊರಹರಿವು ಇಷ್ಟಿಷ್ಟು ಕ್ಯೂಸೆಕ್ ಅಂತ ಹಾಕುತ್ತಾರಲ್ಲ, ಅದಕ್ಕೆ 'ಇನ್‌ಫ್ಲೋ', 'ಔಟ್‌ಫ್ಲೋ'. 'ದಿ ಇನ್‌ಫ್ಲೋ ಇಂಟು ದಿ ಹೇಮಾವತಿ ರಿಸರ್ವಾಯರ್ ಹ್ಯಾಸ್ ಇನ್‌ಕ್ರೀಸ್ಡ್' ಅಂತ ಬರೆಯಿರಿ. ಆಲೂಗಡ್ಡೆಯ ಆವಕಕ್ಕೆ ಇಂಗ್ಲಿಷಿನಲ್ಲಿ 'ಅರೈವಲ್ಸ್'. 'ಪೊಟೇಟೋ ಅರೈವಲ್ಸ್ ಅಟ್ ದಿ ಹಾಸನ್ ಮಾರ್ಕೆಟ್ ಆರ್ ಲೋ.' ಅರೈವಲ್ಸ್‌ಗೆ ಕೊನೆಯಲ್ಲಿ ಎಸ್ ಇದೆ, ಆದ್ದರಿಂದ 'ಆರ್', 'ಈಸ್' ಅಲ್ಲ. ಪರೀಕ್ಷೆಯ ತಪ್ಪು ಹುಡುಕುವ ಭಾಗದಲ್ಲಿ ಇಂಥದ್ದನ್ನೇ ಕೇಳುತ್ತಾರೆ.

ಅರಸೀಕೆರೆ ಅಭ್ಯರ್ಥಿ

ಬರೆದುಕೊಂಡೆ ಸರ್. ಇನ್‌ಪುಟ್, ಇನ್‌ಟೇಕ್, ಇನ್‌ಕಮ್ ಇವುಗಳ ಪಟ್ಟಿಯನ್ನೂ ಮಾಡಿ ಭಾನುವಾರದೊಳಗೆ ಇಲ್ಲೇ ಹಾಕುತ್ತೇನೆ. ಎಲ್ಲರೂ ನೋಡಿ ತಿದ್ದಿ ಕೊಡಿ.